ಮರದ ಮೇಲಿನ ಸವತಿ

ನನ್ನ ತಮ್ಮ ಎಸ್ಸಿಯಾನೆ ಊರಿನ ಮುಖ್ಯಸ್ಥನಾದ ದಿನದಿಂದ ಅವನ ಬಾಯಿಗೆ ರಜೆ ಇಲ್ಲ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ಅಬಾದಲ್ಲಿ ಕೂರುತ್ತಾನೆ. ಅಬಾ ಎಂದರೆ ರಸ್ತೆಯ ಬದಿಯಲ್ಲಿ ಗಂಡಸರು ಕೂರುವ, ಗೋಡೆಯಿಲ್ಲದ ಚಪ್ಪರ. ಗೋಡೆ ಇಲ್ಲದ್ದು ಒಳ್ಳೆಯದೇ ಆಯಿತು, ಇದ್ದಿದ್ದರೆ ಅಲ್ಲಿ ಹುಟ್ಟುವ ಬುದ್ಧಿಮಾತಿಗೆಲ್ಲ ಜಾಗ ಸಾಲದೆ ಯಾವತ್ತೋ ಬಿರಿದು ಬೀಳುತ್ತಿತ್ತು.

ಆ ವರ್ಷ ಅವನಿಗೆ ಮಂಗಟ್ಟೆ ಹಕ್ಕಿಯ ಹುಚ್ಚು ಹಿಡಿಯಿತು. ಪ್ರಾರ್ಥನೆ ಮನೆಯ ಹಿಂದಿನ ದೊಡ್ಡ ಮೊವಾಬಿ ಮರದ ಪೊಟರೆಯಲ್ಲಿ ಒಂದು ಜೋಡಿ ವರ್ಷವರ್ಷವೂ ಗೂಡು ಕಟ್ಟುತ್ತದೆ. ಗಂಡು ಮೈಯೆಲ್ಲ ಕಪ್ಪು, ಕತ್ತಿನಲ್ಲಿ ನೀಲಿ ಚರ್ಮ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕವುಚಿಟ್ಟಷ್ಟು ದೊಡ್ಡ ಕೊಂಬು. ಹೆಣ್ಣಿಗೆ ಕಂದು ತಲೆ, ಕೊಂಬು ಚಿಕ್ಕದು. ಅವು ಹಾರುವಾಗ ಮನೆಯ ಮೇಲೆ ಯಾರೋ ಚಾಪೆ ಒದರಿದಂತೆ ಸದ್ದಾಗುತ್ತದೆ. ಅಡಿಗೆಮನೆಯಲ್ಲಿ ಕೂತ ನಮ್ಮಂಥ ಹೆಂಗಸರಿಗೆ ಅದೇ ಗಡಿಯಾರ.

"ಗಂಡು ಅಂದ್ರೆ ಅದು ಕಣ್ರಪ್ಪಾ," ಎನ್ನುತ್ತಿದ್ದ ನನ್ನ ತಮ್ಮ. "ಹೆಂಡ್ತೀನ ಪೊಟರೆ ಒಳಗೆ ಕೂರ್ಸಿ ಮಣ್ಣು ಮೆತ್ತಿ ಮುಚ್ಬಿಡ್ತಾನೆ. ಕೊಕ್ಕು ತೂರೋವಷ್ಟು ಸಂದಿ, ಅಷ್ಟೇ. ಅವಳು ಪೇಟೆಗೆ ಹೋಗ್ತಾಳಾ? ಇಲ್ಲ. ಪಕ್ಕದ ಮನೆಯೋಳ ಹತ್ರ ಹರಟೆ ಹೊಡೀತಾಳಾ? ಇಲ್ಲ. ಇವನು ರಾಜನ ಹಾಗೆ ಕಾಡೆಲ್ಲ ಸುತ್ಕೊಂಡಿರ್ತಾನೆ. ಅಂಥಾ ಸಂಸಾರ ನಮ್ಮೂರಲ್ಲಿ ಒಂದಾದ್ರೂ ಇದೆಯಾ?"

ಇಲ್ಲ ಇಲ್ಲ ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಅಲ್ಲಿ ಕುಡಿಯುವ ತಾಳೆಹೆಂಡ ಅವನದು, ತಲೆ ಮಾತ್ರ ಅವರದು.

ಒಂದು ದಿನ ಲಂಬಾ ಜೇನು ಮಾರಲು ಬಂದಿದ್ದ. ಕಾಡಿನೊಳಗಿನ ಬಾಕಾ ಜನದವನು, ಮರ ಹತ್ತುವುದರಲ್ಲಿ ಮಂಗನಿಗೂ ಪಾಠ ಹೇಳಿಕೊಡುವವನು. ಅಬಾದ ಹೊರಗೆ ನಿಂತೇ ಹೇಳಿದ: "ಮುಖ್ಯಸ್ಥರೇ, ಅದನ್ನ ಮುಚ್ಚೋದು ಗಂಡಲ್ಲ..."

"ಜೇನು ಮಾರೋಕೆ ಬಂದೋನು ಜೇನು ಮಾರು," ಎಂದ ನನ್ನ ತಮ್ಮ. ಎಲ್ಲರೂ ನಕ್ಕರು. ಲಂಬಾ ಜೇನು ಮಾರಿ ಹೋದ.

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಒಂದು ಶುಕ್ರವಾರ ಅವನು ಹೆಂಡತಿ ಅವೊಮೊಳ ಅಡಿಗೆಮನೆಯ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಹೊಡೆಸಿದ. ಶನಿವಾರದ ಸಂತೆಗೆ ಅವಳು ಇನ್ನು ಹೋಗಕೂಡದಂತೆ. ಮುಖ್ಯಸ್ಥನ ಹೆಂಡತಿ ಸಂತೆಯಲ್ಲಿ ಬೊಬೊಲೊ ಮಾರುತ್ತಾ ಕೂರುವುದು ಅವನಿಗೆ ಮರ್ಯಾದೆಯಲ್ಲವಂತೆ. ಮರಗೆಣಸನ್ನು ನೆನೆಹಾಕಿ, ರುಬ್ಬಿ, ಎಲೆಯಲ್ಲಿ ಸುತ್ತಿ ಬೇಯಿಸಿದ ಅದೇ ಬೊಬೊಲೊ ಮಾರಿದ್ದರಿಂದ ಅವನ ತಲೆಯ ಮೇಲೊಂದು ಟೋಪಿ, ಕಾಲಲ್ಲಿ ಬೂಟು ಬಂದದ್ದು. ಅದು ಅವನಿಗೆ ಮರೆತುಹೋಗಿತ್ತು.

ಅವೊಮೊ ಯಾರೆಂದು ಇಲ್ಲಿ ಹೇಳಬೇಕು. ಅವಳು ಈ ಮನೆಗೆ ಬಂದದ್ದು ನನ್ನ ತೆರದಿಂದ, ಅಂದರೆ ನನ್ನನ್ನು ಮದುವೆಯಾದವನು ಹೆಣ್ಣಿಗೆಂದು ಕೊಟ್ಟ ಹಣದಿಂದ. ನನಗೆ ಹದಿನೈದಾದಾಗ ನನ್ನನ್ನು ಕೆಮ್ಮುವ ಮುದುಕನೊಬ್ಬನಿಗೆ ಕೊಟ್ಟು, ಅವನು ಕೊಟ್ಟ ತೆರವನ್ನು ಹಾಗೇ ಎತ್ತಿಟ್ಟುಕೊಂಡು ತಮ್ಮನಿಗೆ ಹೆಣ್ಣು ತಂದರು. ಆ ಕಾರಣಕ್ಕೇ ನಮ್ಮಲ್ಲಿ ತಮ್ಮನ ಹೆಂಡತಿ ಅವನ ಅಕ್ಕನನ್ನು 'ಗಂಡ' ಎಂದು ಕರೆಯುತ್ತಾಳೆ. ಮುದುಕ ಸತ್ತು ನಾನು ತವರಿಗೆ ಮರಳಿದ ದಿನ ಅವೊಮೊ ಬಾಗಿಲಲ್ಲಿ ನಿಂತು, "ಬಾ ನನ್ನ ಗಂಡ, ಇರೋ ಒಬ್ಬನಿಂದ ಏನೂ ಉಪಯೋಗ ಇಲ್ಲ," ಎಂದು ನಕ್ಕಿದ್ದಳು. ನಾನು ಆ ಮುದುಕನ ಮನೆಯಲ್ಲಿ ಕಳೆದ ಇಪ್ಪತ್ತೆರಡು ವರ್ಷಕ್ಕೆ ಏನಾದರೂ ಅರ್ಥ ಇದ್ದರೆ ಅದು ಅವಳೇ. ಅವಳನ್ನು ಕಳೆದುಕೊಳ್ಳುವುದೆಂದರೆ ನನ್ನ ಹದಿನೈದನೇ ವರ್ಷವನ್ನು ಇನ್ನೊಂದು ಸಲ ಮಾರಿದ ಹಾಗೆ.

ಚಿಲಕವನ್ನು ಅವೊಮೊ ಒಂದು ಗಳಿಗೆ ನೋಡಿದಳು. ಅಬಾದ ಗಂಡಸರೆಲ್ಲ ನೋಡುತ್ತಿದ್ದರು. ಅವಳು ಗಟ್ಟಿಯಾಗಿಯೇ ಹೇಳಿದಳು:

"ಮುಖ್ಯಸ್ಥರ ಮಾತು ಸರಿಯಾಗೇ ಇದೆ. ಮೊವಾಬಿ ಮರದೋಳು ಮೊನ್ನೆ ಒಳಗೆ ಹೋದ್ಲು. ನಾನೂ ಹೋಗ್ತೀನಿ. ಅವಳು ಹೊರಗೆ ಬಂದ ದಿನ ನಾನೂ ಬರ್ತೀನಿ. ಅಲ್ಲೀವರೆಗೆ ಅವಳ ಗಂಡ ಏನು ಮಾಡ್ತಾನೋ ಅದನ್ನೇ ನನ್ನ ಗಂಡನೂ ಮಾಡ್ಲಿ. ಅವನು ತಂದು ಕೊಟ್ಟಿದ್ದು ಬಿಟ್ಟು ನಾನು ಬೇರೇನೂ ಮುಟ್ಟಲ್ಲ. ತಪ್ಪಿದ ದಿನ ಸೀದಾ ಮೆಯೊಗೆ, ನಮ್ಮಣ್ಣಂದಿರ ಮನೆಗೆ."

ಹೇಳಿ ಒಳಗೆ ಹೋದಳು. ಒಳಗಿನಿಂದ ಬಾಗಿಲಿಗೆ ಒನಕೆ ಅಡ್ಡ ಕೊಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

ಹೆಂಡತಿಗೆ ಅನ್ನ ಹಾಕಲಾರದ ಗಂಡನ ಮನೆಯಿಂದ ಅವಳ ಅಣ್ಣಂದಿರು ಬಂದು ಅವಳನ್ನು ಕರೆದುಕೊಂಡು ಹೋದರೆ, ನಮ್ಮಲ್ಲಿ ತೆರ ವಾಪಸು ಕೇಳುವಂತಿಲ್ಲ, ಹೆಂಡತಿಯನ್ನೂ ಕೇಳುವಂತಿಲ್ಲ. ಇದು ಅಬಾದಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ನನ್ನ ತಮ್ಮ ಮಾತ್ರ ನಕ್ಕ. "ಹಸಿವಾದ್ರೆ ತಾನೇ ಬರ್ತಾಳೆ ಬಿಡ್ರೋ," ಎಂದ.

ಮಧ್ಯಾಹ್ನದ ಹೊತ್ತಿಗೆ ಹಸಿವಾದದ್ದು ಅವನಿಗೆ. ಅಡಿಗೆಮನೆ ಮುಚ್ಚಿದರೆ ಮಡಕೆ, ಒಲೆ, ಒರಳು, ಉಪ್ಪು ಎಲ್ಲ ಒಳಗೇ ಉಳಿಯುತ್ತವೆ ಎಂಬುದು ಊರಿನ ಅಷ್ಟು ಬುದ್ಧಿವಂತರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನನ್ನ ಗುಡಿಸಲಿನ ಮುಂದೆ ಬಂದು ನಿಂತ.

"ಅಕ್ಕಾ, ಏನಾದ್ರೂ ಇದ್ರೆ..."

"ನಾನು ಅವಳ ಗಂಡ ಕಣೋ," ಎಂದೆ, "ನಿನ್ನ ಹೆಂಡ್ತಿ ಅಲ್ಲ."

ಅವನು ಹೊಲದ ಕಡೆ ಹೋದ. ದಾರಿಯಲ್ಲಿ ಸಿಕ್ಕ ಹೆಂಗಸನ್ನು ನಿಲ್ಲಿಸಿ, "ನಮ್ಮ ಹೊಲ ಯಾವುದಮ್ಮಾ?" ಎಂದು ಕೇಳಿದನಂತೆ. ಆ ಮಾತು ಅವನಿಗಿಂತ ಮೊದಲು ಊರು ಸೇರಿತು. ಮರಗೆಣಸನ್ನು ಕಿತ್ತು ತಂದು, ಮೂರು ದಿನ ನೆನೆಸದೆ ಅದನ್ನು ಬಾಯಿಗಿಡುವಂತಿಲ್ಲ ಎಂದು ಗೊತ್ತಾದಾಗ ಅದರ ಪಕ್ಕದಲ್ಲೇ ಕುಕ್ಕರಿಸಿದ. ಆ ಮೂರು ದಿನ ಗಂಡ ಹೆಂಡತಿ ಇಬ್ಬರಿಗೂ ಸುಟ್ಟ ಬಾಳೆಕಾಯಿಯೇ ಗತಿಯಾಯಿತು. ಬಾಗಿಲ ಪಕ್ಕದ ಕಿಂಡಿಯಲ್ಲಿ ಒಂದು ಕೈ ಹೊರಗೆ ಬರುತ್ತಿತ್ತು, ತೆಗೆದುಕೊಂಡು ಒಳಗೆ ಹೋಗುತ್ತಿತ್ತು.

ಅಡಿಗೆಮನೆಗೆ ಹಿಂಬಾಗಿಲೊಂದಿದೆ. ಅಲ್ಲೊಂದು ಬಾಳೆತೋಟ, ಸ್ನಾನದ ಮರೆ, ಹೆಂಗಸರು ಕೂತು ಕಡಲೆಕಾಯಿ ಸುಲಿಯುವ ದಿಮ್ಮಿ ಎಲ್ಲ ಇವೆ. ಊರಿನ ಒಬ್ಬ ಗಂಡಸೂ ಯಾವತ್ತೂ ಅಡಿಗೆಮನೆಯ ಹಿಂದಕ್ಕೆ ಬಂದವನಲ್ಲವಾದ್ದರಿಂದ ಅದರ ಸುದ್ದಿ ಅವರಿಗಿರಲಿಲ್ಲ. ನಾವೆಲ್ಲ ಅಲ್ಲಿ ಸೇರುತ್ತಿದ್ದೆವು, ನಗುತ್ತಿದ್ದೆವು. ಆದರೆ ಕೊಟ್ಟ ಮಾತೆಂದರೆ ಮಾತು, ಒಂದು ಕಡಲೆಕಾಯಿಯನ್ನೂ ಅವೊಮೊ ನಮ್ಮ ಕೈಯಿಂದ ತೆಗೆದುಕೊಳ್ಳಲಿಲ್ಲ.

ತಿಂಗಳಾಗುವ ಹೊತ್ತಿಗೆ ಅವನು ಅವರಿವರ ಮನೆಯಿಂದ ಮಡಕೆ, ಒರಳು, ಉಪ್ಪು ಬೇಡಿ ತಂದು ಬೊಬೊಲೊ ಸುತ್ತಲು ಕಲಿತ. ಅವನು ಸುತ್ತಿದ್ದು ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿರುತ್ತಿತ್ತು.

"ಇದು ತಿನ್ನೋಕಾ, ನಾಯಿಗೆ ಹೊಡೆಯೋಕಾ?" ಎಂದು ಕಿಂಡಿಯೊಳಗಿಂದ ಧ್ವನಿ ಬರುತ್ತಿತ್ತು.

"ತಿಂದು ನೋಡೇ, ಈ ಸಲ ಉಪ್ಪು ಹಾಕಿದೀನಿ."

"ಉಪ್ಪಿಗೇ ಸ್ವಲ್ಪ ಗೆಣಸು ಹಾಕಿದೀಯಾ ಅನ್ನು."

ಆ ದಿನಗಳಲ್ಲಿ ಮೊವಾಬಿಯ ಗಂಡು ಹಕ್ಕಿ ತಲೆಯ ಮೇಲೆ ಹಾದುಹೋದರೆ ಎಸ್ಸಿಯಾನೆ ಹೊಲದಲ್ಲಿ ಗುದ್ದಲಿ ಊರಿ ನಿಂತು ನೋಡುತ್ತಿದ್ದ. ಅದು ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು, ಪೊಟರೆಯ ಮುಂದೆ ಕೂತು, ಒಂದೊಂದಾಗಿ ಹೊರತೆಗೆದು ಹೆಂಡತಿಯ ಕೊಕ್ಕಿಗಿಡುತ್ತಿತ್ತು, ಮತ್ತೆ ಹಾರುತ್ತಿತ್ತು. ಅದು ರಾಜನ ಹಾಗೆ ಕಾಡು ಸುತ್ತುತ್ತಿದ್ದದ್ದು ಯಾತಕ್ಕೆಂದು ಅವನಿಗೆ ಈಗ ತಿಳಿದಿತ್ತು. ಅಬಾದಲ್ಲಿ ಜನ ಕಡಿಮೆಯಾದರು. ತಂತಮ್ಮ ಹೆಂಡತಿಯರು ಅಡಿಗೆಮನೆಯ ಬಾಗಿಲ ಕಡೆ ನೋಡುವ ರೀತಿ ಅವರಿಗೆ ಹಿಡಿಸುತ್ತಿರಲಿಲ್ಲ.

ಅಷ್ಟರಲ್ಲಿ ಉಪವಿಭಾಗದ ಸಾಹೇಬರು ಊರಿಗೆ ಬರುವ ಸುದ್ದಿ ಬಂತು. ಒಳ್ಳೆಯ ಮುಖ್ಯಸ್ಥನೆಂದು ನನ್ನ ತಮ್ಮನ ಹೆಗಲಿಗೆ ಸರ್ಕಾರದ ಗೌರವದ ಬಟ್ಟೆಪಟ್ಟಿ ಹೊದಿಸುತ್ತಾರಂತೆ. ಅದೇ ವಾರ ಅವೊಮೊ ಕಿಂಡಿಯಿಂದ ಹೇಳಿದಳು:

"ಮರದೋಳಿಗೆ ಅವಳ ಗಂಡ ಹಲ್ಲಿ ಹುಳ ಅಂತ ಆಗಾಗ ಏನಾದ್ರೂ ತರ್ತಾನೆ. ನಾನು ಮಾಂಸದ ಮುಖ ನೋಡಿ ಎಷ್ಟು ದಿನ ಆಯ್ತು?"

ಬೇಟೆಗೆ ಕಾಡಿನೊಳಗೆ ಹೋಗಲು ಅವನ ಬೊಜ್ಜು ಒಪ್ಪಲಿಲ್ಲ. ಬೆಳಗಿನ ಮಂಜಿನಲ್ಲಿ ಮನೆಯ ಪಕ್ಕದ ಎಣ್ಣೆತಾಳೆ ಮರದಡಿ ಅಜ್ಜನ ಕೋವಿ ಹಿಡಿದು ಕೂತ. ದೊಡ್ಡದೊಂದು ಕಪ್ಪು ಹಕ್ಕಿ ತಾಳೆಹಣ್ಣಿನ ಗೊನೆಗೆ ಬಂದು ಕೂತಿತು. ಅವನು ನೋಡಿದ್ದು ಅದರ ಗಾತ್ರವನ್ನು ಮಾತ್ರ, ಹೊಡೆದ. ಬಿದ್ದ ಮೇಲೆ ಕೊಂಬು ನೋಡಿದ. ನೋಡಿಯೂ ಪುಕ್ಕ ಕಿತ್ತ, ಬೇಯಿಸಿದ. ಮಂಗಟ್ಟೆಯ ಮಾಂಸ ಬೇಯುವುದೆಂದರೆ ಹಳೆಯ ಚಪ್ಪಲಿ ಬೆಂದ ಹಾಗೆ. ಮಧ್ಯಾಹ್ನದ ತನಕ ಕುದಿಸಿ ಬಟ್ಟಲಲ್ಲಿ ತಂದು ಕಿಂಡಿಗೆ ಇಟ್ಟ. ನಾನು ಅಲ್ಲೇ ಇದ್ದೆ.

ಕೈ ಹೊರಗೆ ಬರಲಿಲ್ಲ.

"ಇವತ್ತು ಬೆಳಿಗ್ಗೆಯಿಂದ ಒಂದು ಸಲಾನೂ ರೆಕ್ಕೆ ಸದ್ದು ಕೇಳ್ಲಿಲ್ಲ," ಎಂದಳು ಅವೊಮೊ ಒಳಗಿನಿಂದ.

"ಮಂಜಿತ್ತಲ್ಲ."

"ಬಟ್ಟಲಲ್ಲಿರೋದು ಯಾರು?"

ಏನು ಎಂದು ಕೇಳಲಿಲ್ಲ ಅವಳು, ಯಾರು ಎಂದೇ ಕೇಳಿದಳು. ನನ್ನ ತಮ್ಮ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ.

"ಕೋಳಿ ಕಣೇ," ಎಂದ.

"ಇನ್ನೊಬ್ಬಳ ಗಂಡನ್ನ ನಾನು ತಿನ್ನಲ್ಲ. ಎತ್ಕೊಂಡು ಹೋಗು. ಹೋಗೋ ಮುಂಚೆ ಒಂದು ಮಾತು ಹೇಳು. ಅಲ್ಲಿ ಒಳಗಿರೋಳಿಗೆ ಇನ್ನು ಯಾರು ತಂದು ಕೊಡ್ತಾರೆ?"

"ಹಕ್ಕಿ ತಾನೇ, ಗೋಡೆ ಒಡ್ಕೊಂಡು ಬರುತ್ತೆ."

ನಾನು ತಡೆಯಲಾರದೆ ಲಂಬಾನನ್ನು ಕರೆಸಿದೆ. ಅವನು ಮರವನ್ನು ಹತ್ತಿ, ಸಂದಿಯಲ್ಲಿ ಇಣುಕಿ, ಇಳಿದು ಬಂದ.

"ಬರಲ್ಲ," ಎಂದ. "ಒಳಗೆ ಹೋದ ಮೇಲೆ ಹಾರೋ ಗರಿಯನ್ನೆಲ್ಲ ಉದುರಿಸ್ಕೊಂಡಿದಾಳೆ, ಹೊಸದು ಇನ್ನೂ ಮೊಳಕೆ. ಮರಿ ಬೇರೆ ಇದೆ. ಈಗ ಹೊರಗೆ ಬಂದ್ರೆ ಕಲ್ಲಿನ ಹಾಗೆ ಬೀಳ್ತಾಳೆ."

"ಮತ್ತೆ ಆ ಮೂರ್ಖ ಗಂಡು ಅಷ್ಟು ಗಟ್ಟಿಯಾಗಿ ಯಾಕೆ ಮುಚ್ಚಿದ?" ಎಂದು ನನ್ನ ತಮ್ಮ ರೇಗಿದ.

"ಗಂಡು ಎಲ್ಲಿ ಮುಚ್ಚಿದ? ಅವನು ಕೂಲಿಯೋನ ಹಾಗೆ ಮಣ್ಣು ಹೊತ್ತು ತಂದ. ಮೆತ್ತಿದ್ದು ಅವಳು, ಒಳಗಡೆಯಿಂದ. ಯಾವಾಗ ಒಡೀಬೇಕು ಅನ್ನೋದೂ ಅವಳಿಗೇ ಗೊತ್ತು."

"ಅವತ್ತೇ ಹೇಳ್ಬಾರ್ದಿತ್ತೇನೋ?"

"ಹೇಳಿದೆ. ಜೇನು ಮಾರು ಅಂದ್ರಿ."

ಕಿಂಡಿಯ ಒಳಗಿನಿಂದ ಅವೊಮೊ ಹೇಳಿದಳು: "ಅವಳು ಬಂದ ದಿನ ನಾನು ಬರ್ತೀನಿ ಅಂದಿದ್ದೆ. ಅವಳು ಒಳಗೇ ಸತ್ರೆ ನಾನು ಇಲ್ಲಿಂದ ಮೆಯೊಗೇ ಹೋಗೋದು. ಅವಳು ತಿನ್ನೋವರೆಗೆ ನಾನೂ ತಿನ್ನಲ್ಲ."

ಹೀಗೆ ನನ್ನ ತಮ್ಮನಿಗೆ ಇಬ್ಬರು ಹೆಂಡಿರಾದರು. ಎರಡನೆಯವಳನ್ನು ತರಬೇಕೆಂದು ಅಬಾದಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ. "ಸಿಕ್ಕಳಲ್ಲಪ್ಪಾ ಸವತಿ, ತೆರ ಕೊಡೋ ಖರ್ಚೂ ಇಲ್ಲ," ಎಂದು ಊರಿನ ಹೆಂಗಸರು ಅವನ ಎದುರಿಗೇ ಆಡಿಕೊಂಡರು. ಅವನು ತಲೆ ಎತ್ತದೆ ಕಾಡುಜಾಯಿಕಾಯಿ, ತಾಳೆಹಣ್ಣು, ಅತ್ತಿಹಣ್ಣು ಆರಿಸಿ ಬುಟ್ಟಿಗೆ ತುಂಬಿದ.

ಲಂಬಾ ಮರಕ್ಕೆ ಬಳ್ಳಿಯ ಏಣಿ ಕಟ್ಟಿ, ಆರಾಳು ಎತ್ತರದಲ್ಲಿ ಒಂದು ಅಟ್ಟ ಹಾಕಿಕೊಟ್ಟ. "ಹತ್ತೋದು ನೀವೇ," ಎಂದ, "ಹೆಂಡ್ತಿ ನಿಮ್ಮೋಳು." ಬೊಜ್ಜು ಮೊದಲು ಹೋಗಬೇಕೋ ತಲೆ ಮೊದಲು ಹೋಗಬೇಕೋ ತಿಳಿಯದೆ ನನ್ನ ತಮ್ಮ ಬೆಳಗಿನಿಂದ ಮಧ್ಯಾಹ್ನದ ತನಕ ಹತ್ತಿದ. ಸೀಳಿದ ಗಳುವಿನ ತುದಿಗೆ ಹಣ್ಣು ಸಿಕ್ಕಿಸಿ ಸಂದಿಗೆ ಒಡ್ಡಿದ. ಒಳಗಿನಿಂದ ಕೊಕ್ಕು ಬಂದು ಗಳುವನ್ನು ಕುಟ್ಟಿತೇ ಹೊರತು ಹಣ್ಣನ್ನು ಮುಟ್ಟಲಿಲ್ಲ. ಎರಡನೆಯ ದಿನವೂ ಅಷ್ಟೇ. ಅವೊಮೊ ಕೂಡ ಎರಡು ದಿನ ನೀರು ಮಾತ್ರ ಕುಡಿದಳು. ನಾನು ಹಿಂಬಾಗಿಲಿಂದ ಕಡಲೆಕಾಯಿ ಸಾರು ಒಯ್ದೆ.

"ನಿನ್ನ ಗಂಡ ತಂದಿರೋದು ಕಣೇ ಇದು. ನಾನೂ ಗಂಡನೇ ಅಲ್ವೇನೇ? ತಿನ್ನೇ."

ಅವಳು ನನ್ನ ಕೈ ಹಿಡಿದುಕೊಂಡಳು. "ನೀನು ಯಾವತ್ತೂ ಕೊಟ್ಟಿದೀಯ," ಎಂದಳು, "ಕೊಡೋದು ಅವನು ಕಲೀಬೇಕು." ಬಟ್ಟಲು ಹಾಗೇ ಉಳಿಯಿತು. ನಾನು ಬಾಳೆತೋಟದಲ್ಲಿ ಕೂತು ಅತ್ತೆ. ತಮಾಷೆ ಮುಗಿದುಹೋಗಿತ್ತು, ನನಗೆ ನಿಜವಾಗಿಯೂ ಭಯವಾಗಿತ್ತು.

ಮೂರನೆಯ ದಿನ ಲಂಬಾ ಮರದಡಿ ನಿಂತು ಕೂಗಿ ಹೇಳಿದ: "ಸುಮ್ನೆ ಒಡ್ಡಿದ್ರೆ ಹೆಂಗೆ ತಿಂತಾಳೆ? ಅವಳ ಗಂಡ ಬಂದಾಗ ಕೂಗ್ತಿದ್ದ. ನೀವೂ ಕೂಗಿ."

ಇಡೀ ಊರು ಮರದಡಿ ಸೇರಿತ್ತು. ಮುಖ್ಯಸ್ಥನಾದವನು ಎಲ್ಲರೆದುರು ಮಂಗಟ್ಟೆಯ ಹಾಗೆ ಅರಚಬೇಕು. ಅವನು ಕೆಳಗೆ ನೋಡಿದ, ಅಡಿಗೆಮನೆಯ ಮುಚ್ಚಿದ ಬಾಗಿಲು ನೋಡಿದ. ಆಮೇಲೆ ಕಣ್ಣು ಮುಚ್ಚಿ ಕೂಗಿದ. ಅಬಾದಲ್ಲಿ ಅಷ್ಟು ವರ್ಷ ತಯಾರಾದ ಗಂಟಲು, ಕೂಗು ಕಾಡಿನ ಆಚೆಗೂ ಕೇಳಿಸಿರಬೇಕು. ಸಂದಿಯಿಂದ ಕೊಕ್ಕು ಬಂತು, ತಡೆಯಿತು, ಹಣ್ಣು ತೆಗೆದುಕೊಂಡಿತು.

ಅವನು ಇಳಿದನೋ ಬಿದ್ದನೋ ಹೇಳಲಾರೆ. ಮೊಣಕೈ ತರಚಿಕೊಂಡು ಓಡಿಬಂದು ಕಿಂಡಿಗೆ ಮುಖವಿಟ್ಟ.

"ತಿಂದ್ಲು ಕಣೇ! ಮೂರು ತಿಂದ್ಲು! ಈಗ ನೀನು ತಿನ್ನೇ!"

ಅವನು ಅಳುತ್ತಿದ್ದ. ಕಿಂಡಿಯಿಂದ ಕೈ ಹೊರಗೆ ಬಂತು.

ಸಾಹೇಬರು ಬಂದದ್ದು ಅದಾದ ಒಂಬತ್ತನೆಯ ದಿನ. ಜೀಪಿನಿಂದ ಇಳಿದವರು ಮುಖ್ಯಸ್ಥರೆಲ್ಲಿ ಎಂದರು. ಎಲ್ಲರೂ ಮೇಲೆ ನೋಡಿದರು. ಸಾಹೇಬರನ್ನು ಎದುರುಗೊಳ್ಳಲೆಂದು ಬೆಳಿಗ್ಗೆಯೇ ಹಾಕಿಕೊಂಡಿದ್ದ ಕೋಟು, ಟೋಪಿಯಲ್ಲೇ ನನ್ನ ತಮ್ಮ ಅಟ್ಟದ ಮೇಲೆ ಕೂತು ಅರಚುತ್ತಿದ್ದ.

"ಇದೇನಮ್ಮಾ ಇದು?" ಎಂದು ನನ್ನನ್ನು ಕೇಳಿದರು.

"ನಮ್ಮ ಸಂಪ್ರದಾಯ ಸಾಹೇಬ್ರೇ."

"ಹಳೇದಾ?"

"ಭಾಳ ಹಳೇದು," ಎಂದೆ. ಹನ್ನೆರಡು ದಿನ ಕಡಿಮೆಯೇನಲ್ಲ.

ಸಾಹೇಬರು ಕೆಳಗಿಂದ ಕೂಗಿದರು: "ಮುಖ್ಯಸ್ಥರೇ, ಇಳಿದು ಬನ್ನಿ, ಪಟ್ಟಿ ಹೊದಿಸ್ಬೇಕು!"

"ಒಂದು ಗಳಿಗೆ ಇರಿ ಸಾಹೇಬ್ರೇ," ಎಂದಿತು ಮರ. "ಅವಳದಿನ್ನೂ ಮುಗಿದಿಲ್ಲ."

ನನ್ನ ತಮ್ಮ, ಸಾಹೇಬರ ಜೀಪಿನ ಧೂಳು ಕಂಡರೆ ಊಟ ಬಿಟ್ಟು ಓಡುತ್ತಿದ್ದವನು, ಕೊನೆಯ ಹಣ್ಣಿನ ತನಕ ಇಳಿಯಲಿಲ್ಲ. ಸಾಹೇಬರು ಮರದಡಿಯಲ್ಲೇ ನಿಂತು ಪೂರ್ವಜರ ಜ್ಞಾನದ ಬಗ್ಗೆ ಉದ್ದನೆಯ ಭಾಷಣ ಮಾಡಿದರು, ಪಟ್ಟಿಯನ್ನು ಏಣಿಗೆ ನೇತುಹಾಕಿದರು. ಮುಂದಿನ ವರ್ಷದಿಂದ ಉಪವಿಭಾಗದ ಎಲ್ಲ ಮುಖ್ಯಸ್ಥರೂ ತಪ್ಪದೆ ಮರ ಹತ್ತಿ ಮಂಗಟ್ಟೆಗೆ ಹಣ್ಣು ಕೊಡತಕ್ಕದ್ದು ಎಂದು ಅಲ್ಲೇ ಬರೆಸಿದರು. ಹನ್ನೊಂದು ಊರಿನ ಮುಖ್ಯಸ್ಥರು ಇವತ್ತಿಗೂ ನಮ್ಮೂರಿನ ನೀರು ಕುಡಿಯುವುದಿಲ್ಲ.

ಒಂದು ಮಂಗಳವಾರ ಪೊಟರೆಯ ಗೋಡೆ ಬಿರಿಯಿತು. ದಿನವೆಲ್ಲ ಒಳಗಿನಿಂದ ಕುಟ್ಟಿ ಕುಟ್ಟಿ ಸಂಜೆಯ ಹೊತ್ತಿಗೆ ಅವಳು ಹೊರಗೆ ಬಂದಳು. ಪಕ್ಕದ ಮರಕ್ಕೆ ಹಾರಿ ಕೂತು ಹೊಸ ರೆಕ್ಕೆ ಬಿಚ್ಚಿ ನೋಡಿಕೊಂಡಳು. ಹಿಂದೆಯೇ ಮರಿಯೂ ತಡವರಿಸಿಕೊಂಡು ಬಂತು. ಎರಡೂ ಕಾಡಿನ ಕಡೆ ಹೋದವು. ಅಟ್ಟದ ಮೇಲೆ ಕೂತಿದ್ದ ನನ್ನ ತಮ್ಮನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅವನು ಕೈ ಬೀಸುತ್ತಲೇ ಇದ್ದ.

ಆಮೇಲೆ ಬಂದು ಕಿಂಡಿಯ ಮುಂದೆ ನಿಂತ.

"ಬಂದ್ಲು," ಎಂದ.

"ಗೋಡೆ ಅವಳೇ ಒಡೆದ್ಲಾ?"

"ಅವಳೇ. ನಾನು ಗಳು ಕೂಡ ತಾಗಿಸ್ಲಿಲ್ಲ."

ಬಾಗಿಲು ತೆರೆಯಲಿಲ್ಲ. ಅದನ್ನು ತೆರೆಯುವ ದಿನವೂ ಒಳಗಿದ್ದವಳಿಗೇ ಗೊತ್ತು. ಬುಧ, ಗುರು, ಶುಕ್ರ ಕಳೆದವು. ಅವನು ಬಾ ಎನ್ನಲಿಲ್ಲ, ಊಟ ತಂದು ಇಟ್ಟು ಹೋಗುತ್ತಿದ್ದ. ಶನಿವಾರ ಬೆಳಿಗ್ಗೆ ಒನಕೆ ತೆಗೆದ ಸದ್ದಾಯಿತು. ಅವೊಮೊ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಬೆನ್ನಿಗೆ ಬುಟ್ಟಿ ಹಾಕಿಕೊಂಡು ಹೊರಗೆ ಬಂದಳು. ನನ್ನ ಕೆನ್ನೆ ಮುಟ್ಟಿ ರಸ್ತೆಗಿಳಿದಳು.

ಆ ರಸ್ತೆ ಸೇತುವೆಯ ಆಚೆ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಸಂತೆ, ಬಲಕ್ಕೆ ಮೆಯೊ. ನಮ್ಮ ಮನೆಯಿಂದ ಸೇತುವೆಯ ತನಕ ಮಾತ್ರ ಕಾಣುತ್ತದೆ.

ಅವನು ಹಿಂದೆ ಓಡಲಿಲ್ಲ. ಅಬಾಕ್ಕೂ ಹೋಗಲಿಲ್ಲ. ಮಧ್ಯಾಹ್ನ ಬಾಳೆಕಾಯಿ ಬೇಯಿಸಿ ನನ್ನ ಗುಡಿಸಲಿಗೆ ತಂದ.

"ಅಕ್ಕಾ, ಏನಾದ್ರೂ ತಿಂದ್ಯಾ?"

ನನಗೆ ಆಗ ಅರವತ್ತು ವರ್ಷ. ಅವನು ಮಾತು ಕಲಿತಂದಿನಿಂದ ನನ್ನನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಉಪ್ಪು ಜಾಸ್ತಿಯಾಗಿದೆ ಎಂದು ಬೈದೆ, ಬೈಯುತ್ತಲೇ ಎಲ್ಲವನ್ನೂ ತಿಂದೆ. ಇಬ್ಬರೂ ಹೊಸ್ತಿಲಲ್ಲಿ ಕೂತು ಸೇತುವೆಯನ್ನು ನೋಡಿದೆವು. ಸಂತೆಗೆ ಹೋದವರು ಒಬ್ಬೊಬ್ಬರಾಗಿ ಮರಳಿದರು. ಅವಳನ್ನು ಕಂಡಿರಾ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹೊತ್ತು ಇಳಿಯುವಾಗ ಸೇತುವೆಯ ಮೇಲೆ ಬುಟ್ಟಿ ಕಾಣಿಸಿತು. ಅವೊಮೊ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳು. ಉಪ್ಪು, ಸೋಪು ತೆಗೆದಿಟ್ಟಳು. ಕೊನೆಗೆ ಕಾಗದದಲ್ಲಿ ಸುತ್ತಿದ ಒಂದು ಕಬ್ಬಿಣದ ಚಿಲಕ ತೆಗೆದು ಗಂಡನ ಕೈಗೆ ಕೊಟ್ಟಳು.

"ಇದನ್ನ ಒಳಗಡೆಗೆ ಹಾಕು," ಎಂದಳು. "ಒನಕೆ ನನಗೆ ಕುಟ್ಟೋಕೆ ಬೇಕು."

ನನ್ನ ತಮ್ಮ ಸುತ್ತಿಗೆ ತಂದ. ಮೊದಲು ಹೊರಗಿನದನ್ನು ಕಿತ್ತ, ಆಮೇಲೆ ಒಳಗಿನದನ್ನು ಹೊಡೆದ. ಗಟ್ಟಿಯಾಗಿದೆಯೇ ಎಂದು ಎಳೆದೆಳೆದು ನೋಡಿದ.